ಮಾನಿಟರಿನಲ್ಲಿ ಆಡುಗಳು

ಸುಹರಾ ಮಾನಿಟರ್ ಹಾಕಿದ ಕೂಡಲೇ ಪರದೆಯ ತುಂಬ ಆಡುಗಳು. ಕಪ್ಪು ಆಡು, ಬಿಳಿ ಆಡು, ಕಿವಿ ಜೋತ ಆಡು. ಮೇಲಿನ ಸಾಲಿನಲ್ಲಿ 'ಹತ್ತು ಸೆಂಟ್ಸ್ ಜಾಗದಲ್ಲಿ ಆಡು ಸಾಕಣೆ', ಕೆಳಗಿನ ಸಾಲಿನಲ್ಲಿ 'ಮಂಡಿ ನೋವಿಗೆ ಕುರ್ಚಿಯಲ್ಲೇ ವ್ಯಾಯಾಮ'. ಯಕ್ಷಗಾನ ನೋಡಲೆಂದು ಬೇಲಿ ದಾಟಿ ಬಂದು, ಚಾಪೆಯಲ್ಲಿ ಕಾಲು ಚಾಚಿ ಕೂತಿದ್ದ ನೆರೆಮನೆಯ ಅಪ್ಪಿಯಕ್ಕ ಕಣ್ಣು ಕಿರಿದು ಮಾಡಿದಳು.

"ಎಂತ ಸುಹರಾ, ಆಡು ಸಾಕ್ಲಿಕ್ಕೆ ಹೊರಟದ್ದಾ? ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲ! ನನ್ನ ಬಸಳೆ ಚಪ್ಪರಕ್ಕೆ ಬಾಯಿ ಹಾಕಿದ್ರೆ ಮಾತ್ರ ಬಿಡುವವಳಲ್ಲ ನಾನು."

"ನಾನು ನಿನ್ನೆ ನೋಡಿದ್ದು ಮೀನಿನ ಉಪ್ಪಿನಕಾಯಿ ಅಪ್ಪಿಯಕ್ಕ. ಈ ಆಡು ಎಲ್ಲಿಂದ ಬಂತು? ಮಂಡಿ ನೋವೂ ನಂದಲ್ಲ," ಎಂದ ಸುಹರಾಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ ಬಿಲ್ಲೆಯಷ್ಟು ಗಾತ್ರದಲ್ಲಿ ಗಂಡ ಯೂಸುಫನ ಫೋಟೋ ಇತ್ತು. ಈ ಮಾನಿಟರನ್ನು ದುಬೈಯಿಂದ ಕಳಿಸಿದವನು ಅವನೇ. ಕೇಬಲ್ ಬೇಡ, ಡಿಶ್ ಬೇಡ, ವೈಫೈ ಇದ್ದರೆ ಇಂಟರ್ನೆಟ್ಟೆಲ್ಲ ಅದರ ಹೊಟ್ಟೆಯೊಳಗೇ. ಕಟ್ಟಿ ಕಳಿಸುವ ಮೊದಲು ಅಲ್ಲಿಯೇ ತನ್ನ ಹೆಸರು ಹಾಕಿ ಎಲ್ಲ ಸರಿ ಮಾಡಿದ್ದ. ಅದನ್ನು ಹೊತ್ತು ತಂದ ಅಕ್ಕನ ಮಗ ಸಿನಾನ್ ಹೇಳಿದ್ದ: ಅಲ್ಲಿ ಅವರು ಫೋನಿನಲ್ಲಿ ನೋಡಿದ್ದರ ಜಾತಿಯದ್ದು ಇಲ್ಲಿ ಬರುತ್ತದೆ, ಇಲ್ಲಿ ನೀವು ನೋಡಿದ್ದರದ್ದು ಅಲ್ಲಿ.

"ಅಯ್ಯೋ ದೇವರೇ! ಹಾಗಾದ್ರೆ ನಾನು ನೋಡಿದ ಯಕ್ಷಗಾನ ಎಲ್ಲ ಯೂಸುಫಾಕನಿಗೆ ದುಬೈಯಲ್ಲಿ ಕಾಣ್ತದಾ?"

"ಕಾಣದೆ ಎಂತ! ದಿನಕ್ಕೆ ಮೂರು ಸಲ ಮಹಿಷಾಸುರ ಬರ್ತಾನೆ ಮಾರಾಯ್ತಿ ಅಂತ ಮೊನ್ನೆ ಫೋನಲ್ಲಿ ಹೇಳಿದ್ರು. ಕನಸು ಬಿದ್ದದ್ದು ಅಂತ ಎಣಿಸಿದೆ ನಾನು."

ಅಪ್ಪಿಯಕ್ಕ ನಗುತ್ತಿದ್ದ ಹಾಗೆಯೇ ಸುಹರಾ ಹುಡುಕುವ ಜಾಗಕ್ಕೆ ಹೋಗಿ ಗುಂಡಿ ಒತ್ತಿದಳು. ಅಲ್ಲಿ ಇಲ್ಲಿ ಇಬ್ಬರೂ ಹಿಂದೆ ಹುಡುಕಿದ್ದೆಲ್ಲ ಒಂದರ ಕೆಳಗೊಂದು ಇಳಿದು ಬಂತು. 'ಮಂಡಿ ನೋವು ಮೆಟ್ಟಿಲು ಹತ್ತುವಾಗ.' 'ಗಲ್ಫ್ ಬಿಟ್ಟು ಬಂದವರಿಗೆ ಊರಿನಲ್ಲಿ ಕೆಲಸ.' 'ಒಂದು ಪೆಟ್ಟಿಯಲ್ಲಿ ಇಪ್ಪತ್ತೆರಡು ಮನೆಗೆ ಏನು ತರಬಹುದು.' ಕೊನೆಯದನ್ನು ಅವಳು ಎರಡು ಸಲ ಓದಿದಳು. ಓದಿ, ಗಂಡನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ, ತಮ್ಮ ಮನೆಮಾತು ಬ್ಯಾರಿಯಲ್ಲಿ ಕೇಳಿದಳು.

"ಮಂಡಿ ಹೇಗುಂಟು ನಿಮ್ಮದು?"

"ಮಂಡಿಗೆ ಎಂತ ಆಗ್ಬೇಕು? ಕುದುರೆಯ ಹಾಗೆ ಉಂಟು."

"ಊರಿಗೆ ಬರುದು ಯಾವಾಗ?"

"ಈಗೆಲ್ಲಿ ಮಾರಾಯ್ತಿ, ಲೀವೇ ಕೊಡುದಿಲ್ಲ. ಇನ್ನೂ ಎರಡು ವರ್ಷ ಹೋಗ್ಲಿ."

ಫೋನ್ ಇಟ್ಟು ಸುಹರಾ ಪರದೆಯ ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಗಲ್ಫಿನಿಂದ ಬರುವವನ ಜೊತೆ ಹಗ್ಗ ಬಿಗಿದ ಪೆಟ್ಟಿ ಬರಬೇಕು. ಅವರ ಊರು ಜಾಲ್ಸೂರಿನಲ್ಲಿ ಅದಕ್ಕೆ ತಪ್ಪಿದವರಿಲ್ಲ. ಐವರ್ನಾಡಿನ ನಾದಿನಿಗೆ ಕಂಬಳಿ, ರಾಮಕುಂಜದ ಭಾವನಿಗೆ ಅತ್ತರು, ಮತ್ತೆ ನೆಂಟರು, ನೆಂಟರ ನೆಂಟರು. ಪೆಟ್ಟಿ ಬಿಚ್ಚುವ ದಿನ ಅಂಗಳ ತುಂಬಿರುತ್ತದೆ. ಆ ಅಂಗಳಕ್ಕೆ ಬರಿಗೈಯಲ್ಲಿ ಇಳಿಯಲಾರದೆ ಈ ಮನುಷ್ಯ ನೋಯುವ ಕಾಲಿನಲ್ಲಿ ತಾನು ದುಡಿಯುವ ಗೋದಾಮಿನ ಮೆಟ್ಟಿಲು ಹತ್ತುತ್ತಿದ್ದಾನೆ.

"ನಿಂಗೆಲ್ಲ ಗೊತ್ತುಂಟು ಅಂತ ಹೇಳಿ ಬಿಡ್ಬೇಕಿತ್ತು ಫೋನಲ್ಲೇ," ಎಂದಳು ಅಪ್ಪಿಯಕ್ಕ.

"ಹೇಳಿದ್ರೆ ನಾಚಿಕೆಗೆ ಇನ್ನೂ ನಾಲ್ಕು ವರ್ಷ ಅಲ್ಲಿಯೇ ಕೂತಾರು. ಬಾಯಿ ಬಿಟ್ಟು ನಂಗೆ ಆಗುದಿಲ್ಲ ಅಂತ ಹೇಳುವ ಜನ ಅಲ್ಲ ಅದು."

ಅಪ್ಪಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗೆ ಪ್ರತಿ ಸಲ ತಲೆನೋವಿನ ಹಸಿರು ಎಣ್ಣೆ ಬಾಟ್ಲಿ ತರ್ತಾರಲ್ಲ, ಅದು ಬೇಡ ಅಂತ ಹೇಗಾದ್ರೂ ತಿಳಿಸು. ಇಪ್ಪತ್ತೊಂದೇ ಮನೆ ಆಯ್ತಲ್ಲ."

ಇಲ್ಲಿ ಹುಡುಕಿದ್ದು ಅವನ ಫೋನಿನಲ್ಲೂ ಕಾಣುತ್ತದಲ್ಲ; ಸುಹರಾ ಹುಡುಕುವ ಜಾಗಕ್ಕೆ ಹೋಗಿ ರಿಮೋಟಿನ ಮೈಕನ್ನು ತುಟಿಯ ಹತ್ತಿರ ಹಿಡಿದಳು. ಆ ಮೈಕಿಗೆ ಬ್ಯಾರಿ ಭಾಷೆ ಬಾರದು. ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ಅವಳು ಗಂಡನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಪಂಚಾಯತಿಯಲ್ಲಿ ಅರ್ಜಿ ಓದುವವರ ಹಾಗೆ ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಪೆಟ್ಟಿ ಬೇಡ. ನೀವು ಬಂದರೆ ಸಾಕು."

ಮಾನಿಟರ್ ಒಂದು ಗಳಿಗೆ ಯೋಚನೆ ಮಾಡಿ, ಮರದ ಪೆಟ್ಟಿಗೆ ಮಾಡುವ ಬಡಗಿಗಳನ್ನು ಸಾಲಾಗಿ ತೋರಿಸಿತು. ಅಪ್ಪಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಹರಾಳಿಗೂ ನಗು ತಡೆಯಲಿಲ್ಲ. ಆದರೂ ಮೈಕ್ ಹಿಡಿದು ಅದನ್ನೇ ಇನ್ನೊಮ್ಮೆ ಹೇಳಿದಳು. ಮರುದಿನವೂ ಹೇಳಿದಳು, ಅದರ ಮರುದಿನವೂ.

ಮೂರನೆಯ ದಿನ ಆಡುಗಳು ಕಾಣಿಸಲಿಲ್ಲ; ಅಲ್ಲಿ ಅವನು ಅವನ್ನು ನೋಡುವುದು ನಿಲ್ಲಿಸಿರಬೇಕು. ಶುಕ್ರವಾರ ಯೂಸುಫನೇ ಫೋನ್ ಮಾಡಿದ. ಮಳೆ ಕೇಳಿದ, ಮೀನಿನ ರೇಟು ಕೇಳಿದ, ಲೀವಿನ ಮಾತೇ ಇಲ್ಲ ಅಂದ. ಇಡುವಾಗ ಮಾತ್ರ, "ಅಪ್ಪಿಯಕ್ಕನಿಗೆ ಸಲಾಂ ಹೇಳು," ಎಂದ.

ಫೋನ್ ಇಟ್ಟು ಅವಳು ಮಾನಿಟರ್ ಹಾಕಿದಳು. ಹುಡುಕುವ ಜಾಗದ ಗುಂಡಿ ಒತ್ತಿದಳು. ಅವಳ ಮಾತು ಅಲ್ಲಿಯೇ ಇತ್ತು, ಆದರೆ ಒಂದು ಸಾಲು ಕೆಳಗೆ ಇಳಿದಿತ್ತು. ಅದರ ಮೇಲೆ, ಅವನೂ ಕಷ್ಟಪಟ್ಟು ಬಿಡಿಸಿ ಹೇಳಿದ್ದ ಪುಸ್ತಕದ ಕನ್ನಡದಲ್ಲಿ, ಹೊಸದೊಂದು ಸಾಲು:

'ದುಬೈ ಮಂಗಳೂರು ವಿಮಾನ, ಕೈಚೀಲ ಮಾತ್ರ.'