ಕಿರೀಟದ ಪೆಟ್ಟಿಗೆಯ ಚೀಟಿಗಳು

ನಾಟಕ ಕಂಪನಿಗೆ ಸೇರಿಸಿಕೊಂಡ ದಿನವೇ ಮಾಲೀಕರು ಅವನಿಗೆ ಮಾತು ಕೊಟ್ಟಿದ್ದರು: "ಕವಿಗಳೇ, ವರ್ಷಕ್ಕೊಂದು ಗೆಲ್ಲೋ ನಾಟಕ ನಿಮ್ಮ ಕಡಿಂದ ನಾ ಬರೆಸ್ತೀನಿ."

ಆರು ವರ್ಷ ಹಾಗೇ ನಡೆಯಿತು. ಬರೆಸುತ್ತಿದ್ದುದು ಮಾಲೀಕರಲ್ಲ, ಕಂಪನಿಯ ನಾಯಕಿಯಾದ ಅವರ ಹೆಂಡತಿ ಎಂಬುದು ತನಗಷ್ಟೇ ಗೊತ್ತು ಎಂದು ಅವನು ನಂಬಿದ್ದ. ಆಕೆಯ ಪ್ರೇಮದ ಚೀಟಿಗಳು ಕಿರೀಟದ ಪೆಟ್ಟಿಗೆಯ ತಳದಲ್ಲಿ ಸಿಗುತ್ತಿದ್ದವು. ಉತ್ತರವನ್ನೂ ಅವನು ಅಲ್ಲೇ ಇಡುತ್ತಿದ್ದ. ಎದುರಿಗೆ ಬಂದಾಗ ಆಕೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪಾಪ, ಗಂಡನ ಭಯ ಅಂದುಕೊಳ್ಳುತ್ತಿದ್ದ.

ಈಗ ಎರಡು ತಿಂಗಳಿಂದ ಪೆಟ್ಟಿಗೆ ಖಾಲಿ. ಬರೆದದ್ದೆಲ್ಲ ಹೊಟ್ಟಿನಂತೆ ಕಾಣುತ್ತಿತ್ತು. ಮೊದಲ ಅಂಕವನ್ನೇ ಹರಿದು ಹರಿದು ಸಾಕಾಗಿ, ಕೊನೆಗೆ ಮಾಲೀಕರ ಮುಂದೆ ಹೋಗಿ ನಿಂತ. ರಂಗದ ಮೇಲಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ ಅವರು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು.

"ನನ್ನ ಕೈಲೆ ಆಗೂದಿಲ್ರಿ. ಬ್ಯಾರೆ ಕವಿನ್ನ ನೋಡ್ಕೋರಿ."

"ಚೀಟಿ ಬರವಲ್ವು ಅಂತೇನು?"

ಅವನು ಕೈಮುಗಿದ. "ತಪ್ಪು ನಂದ್ರಿ. ಅವರಿಗೆ ಏನೂ ಅನಬ್ಯಾಡ್ರಿ."

"ಆಕಿಗ್ಯಾಕ ಅನ್ನಲಿ? ಆಕಿಗೆ ಅಕ್ಷರನ ಬರೂದಿಲ್ಲ. ನಿಮ್ಮ ನಾಟಕದ ಮಾತೆಲ್ಲ ನಾನ ಬಾಯಿಪಾಠ ಮಾಡಸ್ತೀನಿ." ಮಾಲೀಕರು ಪಟ್ಟಿ ಕಟ್ಟಿದ ಬಲಗೈಯನ್ನು ನೋಡಿಕೊಂಡರು. "ಎಡಗೈಲೆ ಬರದ್ರ ಅಕ್ಷರ ಬ್ಯಾರೆ ಆಗಿ ನಿಮಗ ಸಂಶಯ ಬರ್ತಿತ್ತು. ಸೋಮವಾರ ಪಟ್ಟಿ ಬಿಚ್ತಾರ. ಮಂಗಳವಾರ ಪೆಟ್ಟಿಗಿ ನೋಡ್ರಿ."

ಮಂಗಳವಾರ ಅವನು ಪೆಟ್ಟಿಗೆ ತೆರೆದ.

ಆ ವರ್ಷದ ನಾಟಕವೂ ಗೆದ್ದಿತು. ಮಾಲೀಕರು ಕೊಟ್ಟ ಮಾತು ಉಳಿಸಿಕೊಂಡರು.