ಸೇತುವೆಯ ಮೇಲೆ ಒಂದು ಗೇಣು

ನೀರು ಸೇತುವೆ ಮುಟ್ಟುತ್ತದೆಯೇ ಎಂದು ಕೇಳಲು ಅಲ್ಲಿ ಕಾವಲಿದ್ದ ಪೊಲೀಸ್ ಇನ್ಸ್‌ಪೆಕ್ಟರ್ ಮತ್ತೆ ಫೋನ್ ಮಾಡುವ ಹೊತ್ತಿಗೆ, ಪ್ರವಾಹ ಮುನ್ಸೂಚನೆ ಕಚೇರಿಯ ಕಂಪ್ಯೂಟರಿನಲ್ಲಿ ಹೊಳೆಯ ಮಟ್ಟ ಚಂದ್ರನನ್ನೂ ದಾಟಿ ಹೋಗಿತ್ತು.

"ಏನಮ್ಮಾ, ನಿನ್ನ ಹೊಳೆಗೆ ರೆಕ್ಕೆ ಬಂತಾ?" ಎಂದು ಹಿರಿಯ ಎಂಜಿನಿಯರ್ ಪರದೆಯತ್ತ ಬಗ್ಗಿದರು.

ಪರದೆಯ ಮುಂದೆ ಕೂತಿದ್ದ ಕಿರಿಯ ಎಂಜಿನಿಯರ್ ಅವರ ಅಕ್ಕನ ಮಗಳು. ಆ ಕಚೇರಿಗೆ ಲೆಕ್ಕದ ಹೊಸ ವಿಧಾನ ತಂದವಳು. ಅದು ನೀರಿನ ಒಂದೊಂದು ಏರಿಳಿತವನ್ನೂ ಕರಾರುವಾಕ್ಕಾಗಿ ಹಿಡಿಯುತ್ತಿತ್ತು. ಆದರೆ ಇಂದು ಮೇಲಿನ ಅಣೆಕಟ್ಟಿನಿಂದ ಒಮ್ಮೆಲೇ ನೀರು ಬಿಟ್ಟಿದ್ದೇ ತಡ, ನಿಮಿಷಗಳನ್ನು ಹೆಜ್ಜೆ ಹೆಜ್ಜೆಯಾಗಿ ದಾಟುವ ಲೆಕ್ಕದಲ್ಲಿ ಚಿಕ್ಕದೊಂದು ತಪ್ಪು ಹೆಜ್ಜೆಗೊಮ್ಮೆ ದುಪ್ಪಟ್ಟಾಗಿ ಹುಚ್ಚೆದ್ದು ಕುಣಿದಿತ್ತು.

"ನಗಬೇಡಿ ಸರ್. ನಿಮ್ಮ ಹಳೇ ವಿಧಾನ ಏನು ಹೇಳುತ್ತೆ?"

"ಸೇತುವೆಗಿಂತ ಒಂದು ಮೊಳ ಕೆಳಗೆ. ನನ್ನದು ಒಂದು ದಿನಾನೂ ಹದ ತಪ್ಪಿಲ್ಲ."

"ಹೇಗೆ ತಪ್ಪುತ್ತೆ? ಅಲೆ ಕಂಡ ಕಡೆಯೆಲ್ಲ ಇಸ್ತ್ರಿ ಹಾಕಿಬಿಡುತ್ತಲ್ಲ!"

ಅವರ ನಗು ಅರ್ಧಕ್ಕೇ ನಿಂತಿತು. ಮಾತು ನಿಜ. ಅವರ ವಿಧಾನ ಎಂದೂ ಹಾರಾಡುತ್ತಿರಲಿಲ್ಲ. ಆದರೆ ಅಲೆಯ ತುದಿಯನ್ನು ಸವರಿ ತಗ್ಗಿಸುತ್ತಿತ್ತು. ಆ ಒಂದು ಮೊಳವನ್ನು ನಂಬುವುದು ಹೇಗೆ? ಕಾರ್ಖಾನೆಯ ಬಸ್ಸುಗಳು ಆಗಲೇ ಸೇತುವೆಯತ್ತ ಹೊರಟಿದ್ದವು. ಸುಮ್ಮನೆ ಮುಚ್ಚಿಸೋಣವೆಂದರೆ, ಊರಿನಿಂದ ಆಸ್ಪತ್ರೆಗೆ ಇದ್ದ ದಾರಿ ಅದೊಂದೇ.

"ಹೆಜ್ಜೆ ಚಿಕ್ಕದು ಮಾಡಿದರೆ ನನ್ನದು ಹದಕ್ಕೆ ಬರುತ್ತೆ ಮಾವ," ಎಂದಳು. ಗಾಬರಿಯಾದಾಗ ಮಾತ್ರ ಅವಳ ಬಾಯಲ್ಲಿ ಸರ್ ಹೋಗಿ ಮಾವ ಬರುತ್ತಿತ್ತು. "ಆದರೆ ಅಷ್ಟೊಂದು ಹೆಜ್ಜೆ ಲೆಕ್ಕ ಹಾಕಿ ಉತ್ತರ ಬರೋದರೊಳಗೆ ನೀರೇ ಬಂದಿರುತ್ತೆ."

ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ನೀರು ಗೋಡೆ ಥರ ಏರೋ ಕಡೆ ನಿಂದು ಎಡವುತ್ತೆ. ಅಲ್ಲಿ ಮಾತ್ರ ನನ್ನದನ್ನ ಬೆರೆಸು. ಮಿಕ್ಕ ಕಡೆ ನಿಂದೇ ಇರಲಿ."

"ಎಷ್ಟು ಬೆರೆಸಲಿ?"

"ಕುಣಿಯೋದು ನಿಲ್ಲೋವಷ್ಟು. ನಿದ್ದೆ ಹೋಗೋವಷ್ಟು ಬೇಡ."

ಮೊದಲು ಜಾಸ್ತಿಯಾಗಿ ಪರದೆಯ ಗೆರೆ ಚಪ್ಪಟೆಯಾಯಿತು. ಅವಳು ಕಡಿಮೆ ಮಾಡಿದಳು. ಗೆರೆ ಕೊಂಚ ನಡುಗಿ, ಸುಧಾರಿಸಿಕೊಂಡು, ಒಂದು ಕಡೆ ನಿಂತಿತು: ಸೇತುವೆಯ ಮೇಲೆ ಒಂದು ಗೇಣು ನೀರು.

"ಆಸ್ಪತ್ರೆಯ ಆಂಬುಲೆನ್ಸನ್ನ ಈಗಲೇ ಊರ ಕಡೆ ದಾಟಿಸಿ, ನೀರು ಇಳಿಯೋವರೆಗೆ ಊರಿಗೆ ಅದಾದರೂ ಇರಲಿ. ಆಮೇಲೆ ಸೇತುವೆ ಮುಚ್ಚಿಬಿಡಿ," ಎಂದು ಅವರು ಫೋನಿನಲ್ಲಿ ಹೇಳಿದರು. "ತಪ್ಪಾದರೆ ನನ್ನ ತಲೆ ಮೇಲಿರಲಿ."

ಆಮೇಲೆ ಇಬ್ಬರೂ ಆ ಫೋನನ್ನೇ ನೋಡುತ್ತ ಕೂತರು. ಕೊನೆಗೂ ಅದು ಬಡಿದುಕೊಂಡಾಗ ಅವರು ಸ್ಪೀಕರ್ ಒತ್ತಿದರು.

"ಬಂತು ಸ್ವಾಮಿ! ನೀವಂದ ಹಾಗೇ ಒಂದು ಗೇಣು, ಒಂದು ಬೆರಳು ಹೆಚ್ಚುಕಮ್ಮಿ. ಬಸ್ಸುಗಳೆಲ್ಲ ಈಚೆ ದಡದಲ್ಲೇ ಇವೆ. ಯಾರದು ಈ ಲೆಕ್ಕ?"

"ನಂದು!" ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

"ಒಬ್ಬೊಬ್ಬರೇ ಮಾತಾಡ್ರಪ್ಪಾ," ಎಂದು ಇನ್ಸ್‌ಪೆಕ್ಟರ್ ಕೂಗಿದರು, "ಇಲ್ಲಿ ಹೊಳೆ ಆರ್ಭಟದಲ್ಲಿ ಏನೂ ಕೇಳಿಸ್ತಿಲ್ಲ!"