ಒಂದೂವರೆ ಸುತ್ತು

ಫೋರ್‌ಮನ್ ಸ್ಪ್ಯಾನರಿನ ತುದಿಯಿಂದ ಪಟ್ಟಿಯನ್ನು ತಟ್ಟಿದ. ದಬ್ ಎಂದಿತು. ಪಕ್ಕದ್ದನ್ನು ತಟ್ಟಿದ. ಅದೂ ದಬ್. ಎಂಟನ್ನೂ ತಟ್ಟಿ ಮುಗಿಸುವ ಹೊತ್ತಿಗೆ ಅವನ ಕಿವಿ ಕೆಂಪಾಗಿತ್ತು.

"ಇವನ್ನ ಕಟ್ಟಿದ್ದು ಯಾರು?"

"ನಾನೇ, ಮಾವ," ಎಂದಳು ಅವನ ಅಕ್ಕನ ಮಗಳು. ಅವಳು ಆ ಶೆಡ್ಡಿನ ಫಿಟ್ಟರ್.

"ಇಲ್ಲಿ ಮಾವ ಗೀವ ಇಲ್ಲ, ಸಾರ್ ಅನ್ನು. ಇದೇನು ಪಾತ್ರೆ ಕಟ್ಟಿದೀಯೋ, ಬಟ್ಟೆ ಒಣಗಿಸೋಕೆ ಹಗ್ಗ ಕಟ್ಟಿದೀಯೋ?"

ಬೆಂಚಿನ ಮೇಲಿದ್ದದ್ದು ಒಂದು ಪಾತ್ರೆಯಲ್ಲ, ಮೂರು. ಒಂದರ ಹೊಟ್ಟೆಯಲ್ಲಿ ಇನ್ನೊಂದು. ತೀರ ಒಳಗಿನದರಲ್ಲಿ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಕ್ಕೆ ಬೇಕಾದ ಆಯಸ್ಕಾಂತದ ಸುರುಳಿ. ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಒಂದು ಪಾತ್ರೆ ಇನ್ನೊಂದಕ್ಕೆ ತಾಕಿತೋ, ಹೊರಗಿನ ಬಿಸಿ ಒಳಗೆ ನುಗ್ಗಿ ಹೀಲಿಯಂ ಎಲ್ಲ ಕುದಿದು ಗಾಳಿಪಾಲು. ದಪ್ಪ ಕಬ್ಬಿಣದ ಕಾಲು ಕೊಟ್ಟರೂ ಅದೇ ಗತಿ, ಬಿಸಿ ಕಾಲಿನ ಮೂಲಕವೇ ಹತ್ತಿ ಬರುತ್ತದೆ. ಹಾಗಾಗಿ ಅಷ್ಟು ಭಾರದ ಒಳಪಾತ್ರೆಯನ್ನು ಹೆಬ್ಬೆರಳಿನಗಲದ ಎಂಟು ಗಾಜಿನೆಳೆಯ ಪಟ್ಟಿಗಳು ಸುತ್ತಲಿಂದ ಹಿಡಿದು ನಡುವೆ ತೂಗುಹಾಕಬೇಕು. ಪಟ್ಟಿ ತಟ್ಟಿದರೆ ಟಣ್ ಎನ್ನಬೇಕು ಎಂಬುದು ಫೋರ್‌ಮನ್ನನ ಕಾನೂನು. ಸಣ್ಣ ಪಾತ್ರೆಗಳ ಕಾಲದಿಂದ ನಡೆದು ಬಂದದ್ದು. ಬೆನ್ನ ಹಿಂದೆ ಅವನಿಗೆ ಟಣ್ ಸಾರ್ ಎಂದೇ ಹೆಸರು.

"ಹಿಂದಿನ ಎರಡು ಪಾತ್ರೆ ಹಾಳಾದ ಮೇಲೂ ಸಡಿಲ ಬಿಡ್ತೀಯಲ್ಲ, ತಲೆ ನೆಟ್ಟಗಿದೆಯಾ?" ಎನ್ನುತ್ತಾ ಅವನು ಸ್ಪ್ಯಾನರನ್ನು ನಟ್ಟಿಗೆ ಹಾಕಿದ.

ಅವಳು ಅವನ ಮಣಿಕಟ್ಟು ಹಿಡಿದಳು. "ಆ ಎರಡೂ ಟಣ್ ಅಂತಿದ್ವು. ಬಿಗಿದಿದ್ದು ನೀವು."

ಮೂಲೆಯ ಗ್ರೈಂಡರ್ ನಿಂತಿತು. ಬೆಸುಗೆಯವನು ಮುಖಗವಚ ಎತ್ತಿ ನೋಡಿದ. ಅವಳು ಅವನ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಡ್ರಾಯರ್ ಎಳೆದು, ಹರಿದುಹೋದ ಹಳೆಯ ಪಟ್ಟಿಯೊಂದನ್ನು ಅವನ ಮುಂದೆ ಹಾಕಿದಳು. ಅದರ ತುದಿ ಸವೆದ ಬ್ರಶ್ಶಿನಂತೆ ಕೆದರಿತ್ತು.

"ಇದು ಕೊಯ್ದು ಹೋಗಿದ್ದಲ್ಲ, ಜಗ್ಗಿ ಹರಿದಿದ್ದು. ಜಗ್ಗಿದ್ದು ಒಳಪಾತ್ರೆ. ಚಳಿಗೆ ಅದು ಕುಗ್ಗುತ್ತೆ, ದೊಡ್ಡದಾದಷ್ಟೂ ಜಾಸ್ತಿ. ಬರೀ ಪಾತ್ರೆಗೆ ದ್ರವ ಸಾರಜನಕ ಸುರಿದು ಅಳೆದೆ. ಸುತ್ತಲೂ ಒಳಕ್ಕೆ ಹತ್ತಿರಹತ್ತಿರ ಎರಡು ಮಿಲಿಮೀಟರ್ ಹೋಗುತ್ತೆ. ಈಗಲೇ ಬಿಗಿದಿಟ್ರೆ ಆಗ ಪಟ್ಟಿ ಏನು ಮಾಡಬೇಕು ಹೇಳಿ? ಅದಕ್ಕೇ ಒಂದೊಂದು ನಟ್ಟನ್ನೂ ಒಂದೂವರೆ ಸುತ್ತು ಸಡಿಲ ಬಿಟ್ಟಿದ್ದೀನಿ. ತಣ್ಣಗಾದ್ರೆ ತಾನೇ ಬಿಗಿಯಾಗುತ್ತೆ."

"ಒಳಪಾತ್ರೆ ಜೋತು ಬಿದ್ದಿದೆ. ಮೇಲುಗಡೆ ಬೆರಳು ಆರಾಮಾಗಿ ಹೋಗುತ್ತೆ, ಕೆಳಗಡೆ ತುರುಕಬೇಕು."

"ಈಗ ಜೋತು ಬೀಳಲಿ. ಆಗ ನಟ್ಟನಡುವೆ ನಿಲ್ಲುತ್ತೆ."

"ಮುಚ್ಚಳ ಬೆಸೆದ ಮೇಲೆ ಅದನ್ನ ನೀನು ಒಳಗೆ ಹೋಗಿ ನೋಡ್ತೀಯಾ?"

"ಪಟ್ಟಿ ಹಿಡಿದ ಬೋಲ್ಟಿನ ತಲೆ ಹೊರಗೇ ಇರುತ್ತಲ್ಲ, ನೀವೇ ತಟ್ಟಿ ಕೇಳಿ. ನಿಮ್ಮ ಕಿವಿ ಸುಳ್ಳು ಹೇಳಲ್ಲ ತಾನೇ?"

ಅವನು ತಪಾಸಣೆಯ ಹಾಳೆಯನ್ನು ಬೆಂಚಿನ ಮೇಲೆ ಕುಕ್ಕಿದ. "ಸಹಿ ನಿನ್ನದೊಂದೇ. ಹರಿದರೆ ಮಾರನೇ ದಿನದಿಂದ ವಾಪಸ್ ಉಜ್ಜೋ ಕೋಣೆ. ನಿಮ್ಮಮ್ಮ ಬಂದು ಅತ್ತರೂ ಕೇಳಲ್ಲ."

"ಅಮ್ಮ ಅಳೋ ಪೈಕಿ ಅಲ್ಲ. ನಿಮ್ಮಕ್ಕ, ನಿಮಗೇ ಗೊತ್ತಲ್ಲ."

ಬೆಸುಗೆಯವನು ನಗು ತಡೆಯಲಾರದೆ ಕೆಮ್ಮಿದ. ಅವಳು ಸಹಿ ಹಾಕಿದಳು. ಉಜ್ಜುವ ಕೋಣೆಯಲ್ಲಿ ಮೂರು ವರ್ಷ ಉಕ್ಕಿನ ಧೂಳು ನುಂಗಿದ್ದವಳು ಅವಳು. ಆ ರುಚಿ ಇನ್ನೂ ಹಲ್ಲಿನ ಸಂದಿಯಲ್ಲಿತ್ತು.

ಪಾತ್ರೆ ತಣಿಯಲು ಐದು ದಿನ ಹಿಡಿಯಿತು. ಹಿಂದಿನವೆರಡೂ ಮೂರನೆಯ ದಿನವೇ ಫಟ್ ಎಂದಿದ್ದವು, ಮೈತುಂಬ ಹಿಮ ಕಟ್ಟಿ ಬೆಳ್ಳಗಾಗಿದ್ದವು. ಮೂರನೆಯ ದಿನ ಯಾರ ಕೈಯಿಂದಲೋ ಸುತ್ತಿಗೆ ಜಾರಿ ಬಿದ್ದಾಗ ಶೆಡ್ಡಿಗೆ ಶೆಡ್ಡೇ ಬೆಚ್ಚಿತು, ಆಮೇಲೆ ಸುತ್ತಿಗೆಯವನಿಗೆ ಸಿಕ್ಕಿದ ಬೈಗುಳ ಬರೆಯುವಂಥದ್ದಲ್ಲ. ಐದನೆಯ ದಿನ ಮಧ್ಯಾಹ್ನ ಹೀಲಿಯಂ ತುಂಬಿತು. ಅವಳು ಹೊರಪಾತ್ರೆಯ ಮೇಲೆ ಅಂಗೈ ಇಟ್ಟಳು. ಬೆಂಚು ಎಷ್ಟು ಬೆಚ್ಚಗಿತ್ತೋ ಅದೂ ಅಷ್ಟೇ. ಹೀಲಿಯಂ ಎಷ್ಟು ಆವಿಯಾಗುತ್ತಿದೆ ಎಂದು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯಿಂದ ಬಹಳ ಕೆಳಗೆ ಬಂದು ಅಲ್ಲೇ ಕೂತುಬಿಟ್ಟಿತು.

ಫೋರ್‌ಮನ್ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಬಂದ. ಒಂದು ತುದಿಯನ್ನು ಬೋಲ್ಟಿನ ತಲೆಗೆ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು ಸ್ಪ್ಯಾನರಿನಿಂದ ತಟ್ಟಿದ. ಪಕ್ಕದಲ್ಲಿ ನಿಂತ ಅವಳಿಗೂ ಕೇಳಿತು. ಟಣ್. ಅವನು ಎರಡನೆಯದಕ್ಕೆ ಹೋದ. ಟಣ್. ಪಾತ್ರೆಯನ್ನು ಪೂರ್ತಿ ಸುತ್ತಿ ಬಂದ. ಎಂಟೂ ಒಂದೇ ದನಿ. ಸಾಲದ್ದಕ್ಕೆ ಮೊದಲನೆಯದನ್ನು ಇನ್ನೊಮ್ಮೆ ತಟ್ಟಿದ.

ಬೆಸುಗೆಯವನು ಸುತ್ತಿಗೆ ಎತ್ತಿ ಬೆಂಚಿಗೆ ಬಡಿದ, ಟಣ್! ಗ್ರೈಂಡರಿನವನು ಪೈಪಿಗೆ ಬಡಿದ. ಮರುಕ್ಷಣ ಶೆಡ್ಡಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಟಣ್ ಟಣ್ ಎನ್ನತೊಡಗಿತು. ಸುತ್ತಿಗೆ ಜಾರಿಸಿದ್ದವನಂತೂ ಅದೇ ಸುತ್ತಿಗೆಯಿಂದ ಎಲ್ಲರಿಗಿಂತ ಜೋರಾಗಿ ಬಡಿದ. ಅವಳು ಹಾಳೆಯಲ್ಲಿ ತನ್ನೊಬ್ಬಳದೇ ಸಹಿಯನ್ನು ಮತ್ತೊಮ್ಮೆ ನೋಡಿಕೊಂಡು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು.

ಫೋರ್‌ಮನ್ ಮಾತ್ರ ಅಲ್ಲಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಮುಂದಿನ ಪಾತ್ರೆ ಮುಚ್ಚಳ ತೆರೆದು ಮಲಗಿತ್ತು. ಹಿಂದಿನ ದಿನವಷ್ಟೇ ಅವನೇ ಕೈಯಾರೆ ಬಿಗಿದದ್ದು. ಅದರ ಮೊದಲ ನಟ್ಟಿಗೆ ಅವನು ಸ್ಪ್ಯಾನರ್ ಹಾಕಿದ್ದ. ಅವಳು ಹತ್ತಿರ ಹೋದಾಗ ತಲೆ ಎತ್ತಲಿಲ್ಲ.

"ಎಷ್ಟು ಸುತ್ತು ಅಂದೆ?"

"ಒಂದೂವರೆ, ಸಾರ್."

ನಟ್ಟು ಕಿರ್ರೆಂದು ಎಡಕ್ಕೆ ತಿರುಗಿತು.

"ಮಾವ ಅನ್ನು," ಎಂದ ಅವನು. "ಸಾರ್ ಆದವನು ಇದನ್ನ ಕೇಳಬಾರದು."